ಗಡಿ ದಾಟಿದರೆ ದೋಷ ಕಳೆಯುವುದೇ?

ಸಂತಾನವಿಲ್ಲದ ದಂಪತಿಗಳ ಅಳಲು ಅಲ್ಪವಾದುದಲ್ಲ. ಅದನ್ನು ಹಗುರವಾಗಿ ಕಾಣುವವನು ಕರುಣೆಯ ಮೊದಲ ಪಾಠವನ್ನೇ ಕಲಿತಿಲ್ಲವೆನ್ನಬೇಕು. ವಿಜ್ಞಾನವು ಇಂದು ಅಂಥವರಿಗೆ ಒಂದು ದಾರಿಯನ್ನು ತೋರಿದೆ. ಆ ದಾರಿಯನ್ನು ಹಿಡಿದವರನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ನನ್ನ ಆಕ್ಷೇಪವಿರುವುದು ಬೇರೊಂದು ವಿಷಯದಲ್ಲಿ. ನಮ್ಮ ಸಮಾಜದ ಅನುಕೂಲಸ್ಥ ಕುಟುಂಬಗಳಲ್ಲಿ ಇತ್ತೀಚೆಗೆ "ಯಾವ ವೈದ್ಯರ ಬಳಿಗೆ ಹೋಗೋಣ?" ಎಂಬ ಪ್ರಶ್ನೆಯ ಸ್ಥಾನದಲ್ಲಿ "ಯಾವ ದೇಶಕ್ಕೆ ಹೋಗೋಣ?" ಎಂಬ ಪ್ರಶ್ನೆ ಕೇಳಿಬರುತ್ತಿದೆ. ದೇಶಗಳ ಪಟ್ಟಿಯನ್ನು ಮುಂದಿಟ್ಟು, ಇಂತಿಂಥಲ್ಲಿ ಇಂತಿಂಥದು ಸಾಧ್ಯವೆಂದು ವಿವರಿಸುವ ದಲ್ಲಾಳಿಗಳೂ ಇದ್ದಾರೆ. ಈ ಪ್ರಶ್ನೆಯೊಳಗೆ ಅಡಗಿರುವ ದೋಷವನ್ನು ಸಮಾಜ ಬಾಂಧವರ ಮುಂದೆ ಬಿಚ್ಚಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ವ್ಯಾಪಾರವೇ ಕಸುಬಾದ ನನ್ನಂಥವನಿಗೆ ಒಂದು ಮಾತು ತಿಳಿದಿದೆ. ಊರಿನ ಪೇಟೆಯನ್ನು ಬಿಟ್ಟು ದೂರದ ಪೇಟೆಗೆ ಹೋಗಲು ಕಾರಣಗಳು ಮೂರೇ: ಇಲ್ಲಿಯ ಸರಕು ಕಳಪೆಯಾಗಿರಬೇಕು, ಇಲ್ಲಿ ಬೆಲೆ ಹೆಚ್ಚಿರಬೇಕು, ಇಲ್ಲವೇ ಇಲ್ಲಿ ಅದು ದೊರೆಯದಂತಿರಬೇಕು. ಸಂತಾನ ಚಿಕಿತ್ಸೆಯ ವಿಷಯದಲ್ಲಿ ಮೊದಲನೆಯ ಕಾರಣವು ನಿಲ್ಲುವುದಿಲ್ಲ. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಜನಿಸಿತು. ಎರಡೂವರೆ ತಿಂಗಳೊಳಗೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಶಿಶುವೂ ಜನಿಸಿತು. ಅಂದಿನ ಅಧಿಕಾರಿಗಳು ಅವರನ್ನು ನಂಬದೆ ನೋಯಿಸಿದರು. 1981ರಲ್ಲಿ ಅವರು ಪ್ರಾಣವನ್ನೇ ಕಳೆದುಕೊಂಡರು. 1986ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದೂಜಾ ಅವರ ತಂಡವು ಅದೇ ಸಾಧನೆಯನ್ನು ಮಾಡಿತು. ಇಂದು ಈ ಚಿಕಿತ್ಸೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ದೊರೆಯುತ್ತದೆ. ಎರಡನೆಯ ಕಾರಣವೂ ನಿಲ್ಲದು. ಅಮೆರಿಕ, ಇಂಗ್ಲೆಂಡುಗಳ ವೆಚ್ಚಕ್ಕೆ ಹೋಲಿಸಿದರೆ ನಮ್ಮಲ್ಲಿಯ ವೆಚ್ಚ ಬಹಳ ಕಡಿಮೆ. ಉಳಿದುದು ಮೂರನೆಯದು. ಇಲ್ಲಿ ದೊರೆಯದ ಏನನ್ನೋ ಅಲ್ಲಿ ಕೊಳ್ಳಲು ಹೋಗುತ್ತಿದ್ದೇವೆ. ಆ ವಸ್ತು ಇಲ್ಲಿ ಏಕೆ ದೊರೆಯದು? ಕಾನೂನು ಅದನ್ನು ನಿಷೇಧಿಸಿರುವುದರಿಂದ.

ಆ ನಿಷೇಧಗಳಾದರೂ ಯಾವುವು? ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯಿದೆ 1994ರಲ್ಲಿ ಬಂದಿತು. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಗರ್ಭಧಾರಣೆಗೆ ಮುನ್ನ ಮಾಡುವ ಲಿಂಗದ ಆಯ್ಕೆಯನ್ನೂ ನಿಷೇಧಿಸಿತು. 2021ರಲ್ಲಿ ಎರಡು ಕಾಯಿದೆಗಳು ಬಂದು, 2022ರ ಜನವರಿ 25ರಿಂದ ಜಾರಿಗೆ ಬಂದುವು. ಅವುಗಳ ಪ್ರಕಾರ ಹಣಕ್ಕಾಗಿ ಗರ್ಭವನ್ನು ಬಾಡಿಗೆಗೆ ಕೊಡುವಂತಿಲ್ಲ, ಪಡೆಯುವಂತಿಲ್ಲ. ಅಂಡಾಣುವನ್ನು ದಾನ ಮಾಡುವ ಸ್ತ್ರೀಯು ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಆಕೆಯಿಂದ ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ. ಚಿಕಿತ್ಸೆ ಪಡೆಯುವ ಸ್ತ್ರೀಗೆ 50, ಪುರುಷನಿಗೆ 55 ವರ್ಷಗಳ ಮಿತಿಯುಂಟು. ಈ ಒಂದೊಂದು ನಿಷೇಧದ ಹಿಂದೆಯೂ ಒಂದು ದುರ್ಬಲ ಜೀವವಿದೆ: ಹುಟ್ಟದಂತೆ ತಡೆಯಲ್ಪಡುವ ಹೆಣ್ಣುಮಗು, ಬಡತನದಿಂದ ಗರ್ಭವನ್ನು ಒಡ್ಡುವ ತಾಯಿ, ಚುಚ್ಚುಮದ್ದುಗಳನ್ನು ಸಹಿಸಿ ಅಂಡಾಣು ಕೊಡುವ ಯುವತಿ, ವೃದ್ಧ ತಂದೆತಾಯಿಗಳ ಕೈಯಲ್ಲಿ ಬೆಳೆಯಬೇಕಾದ ಶಿಶು. ದೇಶವನ್ನು ಆರಿಸುವುದೆಂದರೆ ಈ ಜೀವಗಳಿಗೆ ರಕ್ಷಣೆಯಿಲ್ಲದ ಸ್ಥಳವನ್ನು ಆರಿಸುವುದೆಂದೇ ಅರ್ಥ.

ಮೊದಲು ಲಿಂಗದ ಆಯ್ಕೆಯನ್ನು ನೋಡೋಣ. ಪ್ರಯೋಗಾಲಯದಲ್ಲಿ ಹಲವು ಭ್ರೂಣಗಳನ್ನು ಬೆಳೆಸುತ್ತಾರೆ. ಐದನೆಯ ದಿನದ ಸುಮಾರಿಗೆ ಒಂದೊಂದು ಭ್ರೂಣದಿಂದಲೂ ಕೆಲವು ಜೀವಕೋಶಗಳನ್ನು ತೆಗೆದು ವರ್ಣತಂತುಗಳನ್ನು ಪರೀಕ್ಷಿಸುತ್ತಾರೆ. ಬೇಕಾದುದನ್ನು ಗರ್ಭದಲ್ಲಿರಿಸಿ ಬೇಡವಾದುದನ್ನು ತ್ಯಜಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ ರಾಷ್ಟ್ರಮಟ್ಟದ ತಡೆಯಿಲ್ಲ. ಹಿಂದೆ ಬ್ಯಾಂಕಾಕಿಗೂ ಇದಕ್ಕಾಗಿ ಹೋಗುವವರಿದ್ದರು. 2015ರಲ್ಲಿ ಥಾಯ್ಲೆಂಡ್ ದೇಶವೂ ಇದನ್ನು ನಿಷೇಧಿಸಿತು. ಶ್ರಾವಕನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಸಂಪೂರ್ಣವಾಗಿ ತಪ್ಪವೆಂದು ನಮ್ಮ ಆಚಾರ್ಯರು ಒಪ್ಪಿದ್ದಾರೆ. ಸಂಕಲ್ಪೀ ಹಿಂಸೆಗೆ ಮಾತ್ರ ಅವರು ಎಳ್ಳಷ್ಟೂ ಅವಕಾಶ ಕೊಟ್ಟಿಲ್ಲ. ಹೆಣ್ಣೆಂಬ ಒಂದೇ ಕಾರಣಕ್ಕೆ ಭ್ರೂಣವನ್ನು ತ್ಯಜಿಸಿರೆಂದು ಹಣ ತೆತ್ತು ಸಹಿ ಹಾಕಿಕೊಡುವುದು ಸಂಕಲ್ಪವಲ್ಲದೆ ಮತ್ತೇನು?

ಇದು ಪರರ ಮನೆಯ ಮಾತೆಂದು ಯಾರೂ ಭಾವಿಸಬಾರದು. 2011ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ ದೇಶದಲ್ಲಿ 918, ಜೈನರಲ್ಲಿ 889. 2001ರಲ್ಲಿ ನಮ್ಮ ಸಂಖ್ಯೆ 870 ಆಗಿತ್ತು. ಪ್ರಕೃತಿಯ ಲೆಕ್ಕದಲ್ಲಿ ಅದು ಸುಮಾರು 950 ಇರಬೇಕು. ಸಾಕ್ಷರತೆಯಲ್ಲಿ ದೇಶಕ್ಕೇ ಮೊದಲಿಗರೆನಿಸಿಕೊಂಡವರು, ಇರುವೆಗೂ ನೋವಾಗಬಾರದೆಂದು ನೆಲ ನೋಡಿ ನಡೆಯುವವರು, ಸೂರ್ಯಾಸ್ತದ ನಂತರ ಉಣ್ಣದವರು ಈ ಸಂಖ್ಯೆಗೆ ಏನೆಂದು ಉತ್ತರ ಕೊಡುವೆವು? ಸ್ವದೇಶದ ಕಾನೂನು ಈ ಲೆಕ್ಕವನ್ನು ತಿದ್ದಲು ಯತ್ನಿಸುತ್ತಿರುವಾಗ ವಿಮಾನವೇರಿ ಹೋಗಿ ಅದನ್ನು ಮತ್ತೆ ಕೆಡಿಸುವುದು ನಾಚಿಕೆಗೇಡಿನ ಕೆಲಸ.

ಇನ್ನು ಬಾಡಿಗೆ ತಾಯ್ತನದ ಮಾತು. ಒಂದು ಕಾಲದಲ್ಲಿ ಅನ್ಯದೇಶೀಯರು ಆರಿಸುತ್ತಿದ್ದ ದೇಶ ನಮ್ಮದೇ ಆಗಿತ್ತೆಂಬುದನ್ನು ನಾವು ಮರೆತಿದ್ದೇವೆ. ಗುಜರಾತಿನ ಆಣಂದ ಪಟ್ಟಣದ ಹೆಸರು ಹಾಲಿನಿಂದ ಪ್ರಸಿದ್ಧವಾಗಿತ್ತು. ಮುಂದೆ ಬಾಡಿಗೆ ಗರ್ಭದಿಂದಲೂ ಪ್ರಸಿದ್ಧವಾಯಿತು. 2008ರಲ್ಲಿ ಜಪಾನಿನ ದಂಪತಿಗಳಿಗಾಗಿ ಅಲ್ಲಿ ಒಂದು ಶಿಶು ಜನಿಸಿತು. ಜನನಕ್ಕೆ ಮುನ್ನವೇ ದಂಪತಿಗಳು ವಿಚ್ಛೇದನ ಪಡೆದಿದ್ದರು. ಆ ಹಸುಳೆ ಯಾರದು, ಯಾವ ದೇಶದ್ದು ಎಂಬ ತೊಡಕು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರಲ್ಲಿ ಭಾರತವು ಈ ಬಾಗಿಲನ್ನು ಪರದೇಶೀಯರಿಗೆ ಮುಚ್ಚಿತು. ಆದರೆ ವ್ಯಾಪಾರವು ನಿಲ್ಲಲಿಲ್ಲ, ಸ್ಥಳವನ್ನು ಬದಲಿಸಿತು. ಥಾಯ್ಲೆಂಡಿನಲ್ಲಿ 2014ರಲ್ಲಿ ಅವಳಿ ಶಿಶುಗಳ ಪ್ರಕರಣ ನಡೆಯಿತು. ಹೆಣ್ಣುಮಗು ಆಸ್ಟ್ರೇಲಿಯಕ್ಕೆ ಹೋಯಿತು, ಡೌನ್ ಸಿಂಡ್ರೋಮ್ ಇದ್ದ ಗಂಡುಮಗು ಹೆತ್ತ ಬಡ ಮಹಿಳೆಯ ಬಳಿಯೇ ಉಳಿಯಿತು. ಮರುವರ್ಷ ಆ ದೇಶವೂ ಪರದೇಶೀಯರಿಗೆ ಬಾಗಿಲು ಹಾಕಿತು. ನೇಪಾಳದಲ್ಲಿ ಗರ್ಭ ಹೊತ್ತವರಲ್ಲಿ ನಮ್ಮ ದೇಶದ ಬಡ ಹೆಣ್ಣುಮಕ್ಕಳೂ ಇದ್ದರೆಂಬುದು 2015ರ ಭೂಕಂಪದ ಸಮಯದಲ್ಲಿ ಲೋಕಕ್ಕೆ ತಿಳಿಯಿತು. ಕಾಂಬೋಡಿಯದಲ್ಲಿ 2018ರಲ್ಲಿ ಪೊಲೀಸರು ಹಿಡಿದುದು ಹಣ ಕೊಟ್ಟವರನ್ನಲ್ಲ, ಗರ್ಭಿಣಿಯರನ್ನು. ಅನ್ಯರಿಗಾಗಿ ಹೊತ್ತ ಮಗುವನ್ನು ತಾವೇ ಸಾಕುವುದಾಗಿ ಒಪ್ಪಿದ ಮೇಲೆ ಅವರಿಗೆ ಬಿಡುಗಡೆಯಾಯಿತು. 2020ರಲ್ಲಿ ಕೊರೊನಾದಿಂದ ಗಡಿಗಳು ಮುಚ್ಚಿದಾಗ ಉಕ್ರೇನಿನ ಹೋಟೆಲೊಂದರಲ್ಲಿ ಹತ್ತಾರು ಹಸುಳೆಗಳು ತಂದೆತಾಯಿಗಳಿಗಾಗಿ ಕಾಯುತ್ತ ಮಲಗಿದ್ದುವು. ಲಾಭ ಒಂದು ದೇಶದಲ್ಲಿ, ನಷ್ಟ ಇನ್ನೊಂದು ದೇಶದಲ್ಲಿ. ಇಂಥ ಲೆಕ್ಕವನ್ನು ಪ್ರಾಮಾಣಿಕ ವರ್ತಕನು ತನ್ನ ಖಾತೆಯಲ್ಲಿ ಬರೆಯಲಾರ.

"ನಾವು ಯಾವ ಕಾನೂನನ್ನೂ ಮುರಿದಿಲ್ಲ. ಅಲ್ಲಿಗೆ ಅಲ್ಲಿಯ ಕಾನೂನು, ಇಲ್ಲಿಗೆ ಇಲ್ಲಿಯದು" ಎಂದು ಕೆಲವರು ವಾದಿಸುವರು. ಈ ವಾದವು ನಮ್ಮ ಶಾಸ್ತ್ರಕಾರರಿಗೆ ಹೊಸದೇನಲ್ಲ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ. ರಾಜ್ಯವ್ಯವಸ್ಥೆ ಕೆಟ್ಟಿರುವ ಕಡೆ ಬೆಲೆಬಾಳುವ ವಸ್ತುವನ್ನು ಅಗ್ಗವಾಗಿ ಪಡೆಯಲು ಯತ್ನಿಸುವುದೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಅದನ್ನು ವಿವರಿಸಿದ್ದಾರೆ. ಇನ್ನು ದೇಶವ್ರತದ ಅತಿಚಾರಗಳನ್ನು ನೋಡಿರಿ. ತಾನು ಹಾಕಿಕೊಂಡ ಎಲ್ಲೆಯ ಹೊರಗಿನಿಂದ ವಸ್ತುವನ್ನು ತರಿಸುವುದು ಆನಯನ. ತಾನು ಹೋಗದೆ ಬೇರೊಬ್ಬನನ್ನು ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಎಲ್ಲೆಯ ಒಳಗೆ ಮಾಡಬಾರದೆಂದು ಬಿಟ್ಟ ಕೆಲಸವನ್ನು ಎಲ್ಲೆಯ ಹೊರಗೆ ಮಾಡಿಸಿಕೊಂಡು ನಿರ್ದೋಷಿಯೆನ್ನುವ ಮನಸ್ಸಿನ ಜಾಣತನವನ್ನು ಅವರು ಬಲ್ಲವರಾಗಿದ್ದರು. ಕೃತ, ಕಾರಿತ, ಅನುಮೋದನೆಗಳಿಗೆ ಫಲ ಒಂದೇ ಎಂಬುದನ್ನು ಬಲ್ಲ ಶ್ರಾವಕನಿಗೆ ಪಾಸ್‌ಪೋರ್ಟಿನ ಮುದ್ರೆ ಪ್ರಾಯಶ್ಚಿತ್ತವಾಗಲಾರದು. ಇಟಲಿ ದೇಶವು 2024ರಲ್ಲಿ ಹೊರನಾಡಿಗೆ ಹೋಗಿ ಬಾಡಿಗೆ ತಾಯ್ತನ ಪಡೆದ ತನ್ನ ಪ್ರಜೆಗಳನ್ನೂ ಶಿಕ್ಷಿಸುವ ಕಾನೂನನ್ನು ಮಾಡಿತು. ವ್ರತಿಕನಿಗೆ ಅಂಥ ದಂಡದ ಭಯ ಬೇಕಾಗಬಾರದು.

"ನಮ್ಮ ಕಾನೂನು ಕಠೋರವಾಗಿದೆ" ಎಂಬುದು ಎರಡನೆಯ ವಾದ. ಇದರಲ್ಲಿ ಸತ್ಯಾಂಶವುಂಟು. ಆದರೆ ಕಠೋರವಾದ ಕಾನೂನನ್ನು ಸ್ವದೇಶದಲ್ಲಿಯೇ ತಿದ್ದಿಸಿಕೊಳ್ಳಲು ಮಾರ್ಗವುಂಟೆಂಬುದನ್ನು ಈಗಾಗಲೇ ಕೆಲವು ದಂಪತಿಗಳು ತೋರಿಸಿಕೊಟ್ಟಿದ್ದಾರೆ. ದಾನಿಯ ಅಂಡಾಣುವನ್ನು ಬಾಡಿಗೆ ತಾಯ್ತನದಲ್ಲಿ ಬಳಸಬಾರದೆಂಬ ನಿಯಮವನ್ನು ಅವರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ವೈದ್ಯಕೀಯ ಕಾರಣವಿದ್ದಲ್ಲಿ ಅವಕಾಶ ಕೊಡುವಂತೆ 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ನಿಯಮವನ್ನು ತಿದ್ದಿತು. ಕಾಯಿದೆ ಬರುವ ಮುನ್ನವೇ ಭ್ರೂಣಗಳನ್ನು ಶೀತಲೀಕರಿಸಿಟ್ಟಿದ್ದವರಿಗೆ ವಯೋಮಿತಿ ಅನ್ವಯಿಸದೆಂದು 2025ರ ಅಕ್ಟೋಬರಿನಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ಹೀಗೆ ಹೋರಾಡಿದವರು ತಮಗೊಬ್ಬರಿಗೇ ಅಲ್ಲ, ಟಿಕೇಟಿಗೆ ಹಣವಿಲ್ಲದ ಸಹಸ್ರಾರು ಬಡ ದಂಪತಿಗಳಿಗೂ ಉಪಕಾರ ಮಾಡಿದರು. ವಿದೇಶಕ್ಕೆ ಹೋದ ಧನಿಕನಾದರೋ ಕಾನೂನನ್ನು ಇದ್ದ ಹಾಗೆಯೇ ಬಿಟ್ಟು ತಾನೊಬ್ಬನೇ ದಾಟಿಕೊಂಡನು. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿ ಅಲ್ಲಿಯೇ ಚಿಕಿತ್ಸೆ ಪಡೆಯುವ ನಮ್ಮವರಿಗೆ ಈ ಆಕ್ಷೇಪ ಸಲ್ಲದು. ಲಿಂಗದ ಆಯ್ಕೆ ಮಾತ್ರ ಅವರಿಗೂ ತಕ್ಕುದಲ್ಲ.

ಮೂರನೆಯದು ವಾದಕ್ಕಿಂತ ಹೆಚ್ಚಾಗಿ ಅಂಜಿಕೆ: "ವಂಶ ನಿಂತುಹೋಗುವುದಲ್ಲಾ, ಮಗನಿಲ್ಲದಿದ್ದರೆ ಗತಿಯೇನು?" ಈ ಅಂಜಿಕೆ ನಮಗೆ ಎಲ್ಲಿಂದ ಬಂದಿತೋ ನಾನರಿಯೆ, ನಮ್ಮ ಧರ್ಮದಿಂದಂತೂ ಬಂದುದಲ್ಲ. ಪುತ್ರನಿಂದ ಪಿತೃವಿಗೆ ಸದ್ಗತಿಯೆಂಬ ಮಾತು ಜಿನಾಗಮದಲ್ಲಿಲ್ಲ. ಜೀವವು ತನ್ನ ಕರ್ಮಾನುಸಾರ ಹೋಗುವುದು; ಯಾವ ಪಿಂಡವೂ ಅದನ್ನು ತಡೆದು ನಿಲ್ಲಿಸದು, ಮುಂದೆಯೂ ಒಯ್ಯದು. ಈ ಕಾರಣದಿಂದಲೇ ದತ್ತು ಸ್ವೀಕಾರವು ನಮ್ಮಲ್ಲಿ ಲೌಕಿಕ ವ್ಯವಸ್ಥೆಯೆನಿಸಿತ್ತು. ಪುತ್ರರಹಿತ ಜೈನ ವಿಧವೆಯು ಪತಿಯ ಅನುಮತಿಯಿಲ್ಲದೆಯೂ ದತ್ತು ಪಡೆಯಬಹುದೆಂಬ ಆಚಾರವನ್ನು ಪ್ರಿವಿ ಕೌನ್ಸಿಲ್ 1878ರಲ್ಲಿಯೇ ಮಾನ್ಯ ಮಾಡಿತ್ತು. ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನ ಕಟ್ಟಿನಂತೆ ವಂಶವು ಹೆಣ್ಣಿನ ಮೂಲಕವೇ ನಡೆದುಬಂದಿತು. ಅಂಥ ಪರಂಪರೆಯುಳ್ಳವರು ಮಗನಿಗಾಗಿ ಸಾಗರ ದಾಟುವುದು ಪರಂಪರೆಯ ರಕ್ಷಣೆಯಲ್ಲ, ಅದರ ವಿಸ್ಮೃತಿ.

ಬಸದಿಗಳ ಟ್ರಸ್ಟುಗಳಿಗೂ ಒಂದು ವಿನಂತಿ. ಪಂಚಕಲ್ಯಾಣದ ಸ್ಮರಣ ಸಂಚಿಕೆಗೆ ಜಾಹೀರಾತು ಕೊಡುವೆವೆಂದು ಇಂಥ ದಲ್ಲಾಳಿಗಳು ಬಂದರೆ ಮೊತ್ತ ಎಷ್ಟೇ ಇರಲಿ, ಹಿಂದಿರುಗಿಸಿರಿ. ಸಮಾಜದ ನಿಧಿಯಿಂದ ವಿದ್ಯಾರ್ಥಿವೇತನ ಕೊಡುವಂತೆ, ಸಂತಾನವಿಲ್ಲದ ಬಡ ದಂಪತಿಗಳಿಗೆ ನಮ್ಮಲ್ಲಿಯೇ ಕಾನೂನುಬದ್ಧ ಚಿಕಿತ್ಸೆಗೆ ನೆರವಾಗಿರಿ. ದತ್ತು ಪಡೆಯಬಯಸುವವರಿಗೆ ಮಾರ್ಗ ತೋರಿಸಿರಿ. ದತ್ತುಮಕ್ಕಳನ್ನು ಅಭಿಷೇಕದ ಸಾಲಿನಲ್ಲಿ ಬೇರೆಯಾಗಿ ಕಾಣದಿರಿ. ಹೆಣ್ಣುಮಕ್ಕಳನ್ನೇ ಹೆತ್ತವರನ್ನು ಮರುಕದಿಂದ ಮಾತನಾಡಿಸುವ ರೂಢಿಯನ್ನು ಬಿಡಿರಿ. ಟ್ರಸ್ಟಿನ ಸ್ಥಾನವು ತಂದೆಯಿಂದ ಮಗನಿಗೆ ಬರುವಲ್ಲಿ ಮಗಳಿಗೂ ಬರಲೆಂದು ನಿಯಮಾವಳಿಯಲ್ಲಿ ಬರೆಯಿರಿ. ಮಗನಿಗಾಗಿ ಹಪಹಪಿಸುವಂತೆ ಮಾಡುವುದು ಈ ಚಿಕ್ಕಪುಟ್ಟ ರೂಢಿಗಳೇ.

ಚಿಕಿತ್ಸೆಗಾಗಿ ಹೊರಡುವ ದಂಪತಿಗಳು ಟಿಕೇಟು ಕೊಳ್ಳುವ ಮುನ್ನ ತಮ್ಮನ್ನು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: "ನಮ್ಮೂರಿನಲ್ಲಿ ಮಾಡಲಾಗದ ಯಾವ ಕೆಲಸಕ್ಕಾಗಿ ಅಲ್ಲಿಗೆ ಹೋಗುತ್ತಿದ್ದೇವೆ, ಅದರ ಬೆಲೆಯನ್ನು ತೆರುವವರು ಯಾರು?" ಇದರ ಉತ್ತರವನ್ನು ಬಸದಿಯಲ್ಲಿ ಹತ್ತು ಮಂದಿ ಶ್ರಾವಕರ ಮುಂದೆ ಹೇಳಬಲ್ಲೆವೆಂದಾದರೆ ನಿಶ್ಚಿಂತೆಯಿಂದ ಹೋಗಿಬರಲಿ. ಹೇಳಲಾರೆವೆಂದಾದರೆ, ಹೋಗಬಾರದೆಂಬುದಕ್ಕೆ ಅದಕ್ಕಿಂತ ಬೇರೆ ಕಾರಣ ಬೇಕಿಲ್ಲ.