ಶಿನ್‌ಚಾನನ ಮನೆ, ನಮ್ಮ ಮನೆ

ಭಟ್ಕಳ, ಹೊನ್ನಾವರ, ಕುಮಟಾ: ಕರಾವಳಿಯ ಹೆದ್ದಾರಿಯ ಮೇಲೆ ಒಂದಾದ ಮೇಲೊಂದು ಸಿಗುವ ಮೂರು ಊರುಗಳು. ಇಲ್ಲಿನ ಮನೆಗಳಲ್ಲಿ ನವಾಯತಿ, ಕೊಂಕಣಿ, ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಉರ್ದು ಎಂದು ಹಲವು ಮಾತುಗಳುಂಟು. ಆದರೆ ಸಂಜೆ ಶಾಲೆ ಬಿಟ್ಟು ಬಂದ ಮಕ್ಕಳು ಪಾಟೀಚೀಲ ಮೂಲೆಗೆ ಎಸೆದು ಟಿವಿಯ ಇಲ್ಲವೇ ಮೊಬೈಲಿನ ಮುಂದೆ ಕುಳಿತರೆಂದರೆ, ಎಷ್ಟೋ ಮನೆಗಳಿಂದ ಕೇಳಿಬರುವುದು ಒಂದೇ ದನಿ. ಅದು ಐದು ವರ್ಷದ ಜಪಾನಿ ಹುಡುಗನೊಬ್ಬನ ಹಿಂದಿ!

ಆ ಹುಡುಗನ ಹೆಸರು ಶಿನ್‌ಚಾನ್. ಪಾಲಕರ ಸಭೆಗಳಲ್ಲಿ ಇವನ ಮೇಲೆ ದೂರು ಹೇಳದ ತಾಯಂದಿರು ಕಡಿಮೆ. ‘ಎದುರುತ್ತರ ಕಲಿತಿದ್ದಾನೆ’, ‘ಅಜ್ಜಿಯನ್ನು ಅಣಕಿಸುತ್ತಾಳೆ’, ‘ಊಟಕ್ಕೆ ಕರೆದರೆ ಕೇಳಿಸುವುದೇ ಇಲ್ಲ’ ಎನ್ನುತ್ತಾರೆ. ಇತ್ತ ಮಕ್ಕಳನ್ನು ಕೇಳಿದರೆ, ಅದರಷ್ಟು ತಮಾಷೆಯ ಕಾರ್ಯಕ್ರಮ ಬೇರೆ ಇಲ್ಲ. ಇಬ್ಬರ ಮಾತಿನಲ್ಲೂ ನಿಜವಿದೆ. ಬೈಯುವುದಕ್ಕೂ ಹೊಗಳುವುದಕ್ಕೂ ಮೊದಲು, ಈ ಚಿತ್ರದ ಸಂಸಾರ ಎಲ್ಲಿಂದ ಬಂತು, ಹೇಗೆ ಜೀವ ತಳೆಯುತ್ತದೆ, ನಮ್ಮ ಮಕ್ಕಳ ತಲೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ದೊಡ್ಡವರಿಗಾಗಿ ಹುಟ್ಟಿದ ಮಗು

ಯೋಶಿತೊ ಉಸುಯಿ ಎಂಬ ಜಪಾನಿ ವ್ಯಂಗ್ಯಚಿತ್ರಕಾರ ಶಿನ್‌ಚಾನನನ್ನು ಮೊದಲು ಬರೆದದ್ದು 1990ರಲ್ಲಿ. ಅದು ಪ್ರಕಟವಾದದ್ದು ಮಕ್ಕಳ ಪುಸ್ತಕದಲ್ಲಲ್ಲ, ದೊಡ್ಡವರು ಓದುವ ಚಿತ್ರಕಥೆಗಳ ವಾರಪತ್ರಿಕೆಯಲ್ಲಿ. ಈ ಒಂದು ಸಂಗತಿ ಗೊತ್ತಿದ್ದರೆ ಪಾಲಕರ ಅರ್ಧ ಗೊಂದಲ ಬಗೆಹರಿಯುತ್ತದೆ. ದಿನವಿಡೀ ದುಡಿದು ಬಂದ ತಂದೆತಾಯಂದಿರು ತಮ್ಮನ್ನು ತಾವೇ ನೋಡಿ ನಗಲೆಂದು ಬರೆದ ಕಥೆ ಅದು. 1992ರ ಏಪ್ರಿಲ್‌ನಲ್ಲಿ ಅದು ಜಪಾನಿನ ಟಿವಿಗೆ ಬಂತು, ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. ಅಲ್ಲಿನ ಪಾಲಕರೂ ಸುಮ್ಮನಿರಲಿಲ್ಲ. ‘ಇದನ್ನು ನಮ್ಮ ಮಕ್ಕಳು ನೋಡುವುದು ಬೇಡ’ ಎಂದು ಅವರೂ ವರ್ಷಗಟ್ಟಲೆ ಹೇಳುತ್ತ ಬಂದವರೇ.

ಭಾರತದಲ್ಲಿ ಅದು ಹಂಗಾಮಾ ಚಾನೆಲ್ಲಿನಲ್ಲಿ 2006ರಲ್ಲಿ ಹಿಂದಿಯಲ್ಲಿ ಆರಂಭವಾಯಿತು. 2008ರಲ್ಲಿ ಆಕ್ಷೇಪಣೆಗಳು ಬಂದು ಪ್ರಸಾರ ನಿಂತಿತು. ಮರುವರ್ಷ ಕೆಲವು ಭಾಗಗಳಿಗೆ ಕತ್ತರಿ ಹಾಕಿಸಿಕೊಂಡು ಮತ್ತೆ ಬಂತು. ಉಸುಯಿ ಅದೇ 2009ರಲ್ಲಿ ಬೆಟ್ಟ ಹತ್ತಲು ಹೋಗಿ ಬಿದ್ದು ತೀರಿಕೊಂಡರು. ಅವರು ಬರೆದ ಹುಡುಗ ಮಾತ್ರ ನಿಲ್ಲಲಿಲ್ಲ.

ಅಷ್ಟಕ್ಕೂ ಆ ಮನೆಯಲ್ಲಿರುವುದು ಏನು? ಟೋಕಿಯೊ ಬಳಿಯ ಕಸುಕಾಬೆ ಎಂಬ ಊರು. ಅಲ್ಲಿಂದ ದಿನವೂ ರೈಲು ಹಿಡಿದು ಕಚೇರಿಗೆ ಹೋಗುವ ತಂದೆ ಹಿರೋಶಿ. ತೀರದ ಮನೆ ಸಾಲ, ನಾರುವ ಕಾಲುಚೀಲ. ರಿಯಾಯಿತಿ ದರದ ಸಾಮಾನಿಗೆ ಓಡುವ ತಾಯಿ ಮಿಸಾಯೆ. ತಂಗಿ ಹಿಮಾವರಿ, ಶಿರೊ ಎಂಬ ಬಿಳಿ ನಾಯಿ. ಆಗಾಗ ದೂರದೂರಿನಿಂದ ಬರುವ ಅಜ್ಜ ಅಜ್ಜಿ. ಬೈಗುಳ, ಜಗಳ, ಮುನಿಸು ಎಲ್ಲ ಆದಮೇಲೂ ರಾತ್ರಿ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಉಣ್ಣುತ್ತಾರೆ. ಮಕ್ಕಳನ್ನು ಹಿಡಿದು ಕೂರಿಸುವುದು ಕೇವಲ ಆ ಹುಡುಗನ ಕಿಡಿಗೇಡಿತನವಲ್ಲ, ಈ ಊಟದ ಮೇಜು ಕೂಡ.

ಭಟ್ಕಳದ ಎಷ್ಟೋ ಮನೆಗಳಲ್ಲಿ ತಂದೆ ದುಡಿಯುವುದು ಕೊಲ್ಲಿಯ ದೇಶಗಳಲ್ಲಿ. ಮಕ್ಕಳಿಗೆ ಅವರ ಮುಖ ಕಾಣುವುದು ಫೋನಿನಲ್ಲಿ. ಹೊನ್ನಾವರದ ಮೀನುಗಾರರ ಮನೆಗಳಲ್ಲಿ ದೋಣಿ ದಡ ಮುಟ್ಟುವ ಹೊತ್ತಿಗೆ ತಕ್ಕಂತೆ ಊಟ. ಕುಮಟಾ ಕಡೆಯ ಹಳ್ಳಿಗಳಿಂದ ಬೆಂಗಳೂರಿಗೆ ಹೋದ ಅಣ್ಣಂದಿರು ಬರುವುದು ಹಬ್ಬಕ್ಕೆ. ದಿನವೂ ಸಂಜೆ ಬಾಗಿಲು ತೆರೆದು ‘ಬಂದೆ’ ಎಂದು ಕೂಗುವ ತಂದೆ ತೆರೆಯ ಮೇಲೆ ಸಿಕ್ಕಿದರೆ ಮಗು ಅವನನ್ನು ಇಷ್ಟಪಡುವುದರಲ್ಲಿ ಆಶ್ಚರ್ಯವೇನು?

ಸೆಕೆಂಡಿಗೆ ಎಂಟು ಚಿತ್ರ

ಈಗ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಲಿ. ಹಿರೋಶಿ ಬಾಗಿಲು ತೆರೆದು ಒಳಗೆ ಬಂದನಲ್ಲ, ನಿಜವಾಗಿ ಅಲ್ಲಿ ಯಾರಾದರೂ ಅಲುಗಾಡಿದರೇ? ಇಲ್ಲ. ತೆರೆಯ ಮೇಲೆ ಇದ್ದದ್ದು ಒಂದಾದ ಮೇಲೊಂದು ಬಂದ ನಿಶ್ಚಲ ಚಿತ್ರಗಳು.

ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಪ್ರತಿ ಚೌಕಟ್ಟಿಗೂ ಬೇರೆ ಚಿತ್ರ ಬರೆಯಬೇಕಾದರೆ ಏಳು ನಿಮಿಷದ ಒಂದು ಕಥೆಗೆ 24×60×7, ಅಂದರೆ 10,080 ಚಿತ್ರ ಬೇಕು. ಪ್ರತಿ ವಾರ ಇಷ್ಟು ಬರೆಯುವುದು ಯಾರಿಂದಾದೀತು? 1963ರಲ್ಲಿ ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಎಂಬ ವಾರದ ಕಾರ್ಟೂನನ್ನು ಆರಂಭಿಸಿದಾಗ ಅವರ ಮುಂದೆಯೂ ಇದೇ ಲೆಕ್ಕವಿತ್ತು. ಅವರು ಹಿಡಿದದ್ದು ಮಿತವ್ಯಯದ ದಾರಿ. ಒಂದು ಚಿತ್ರವನ್ನು ಮೂರು ಚೌಕಟ್ಟುಗಳ ತನಕ ಹಾಗೆಯೇ ಇಡುವುದು. ಆಗ ಸೆಕೆಂಡಿಗೆ ಎಂಟೇ ಚಿತ್ರ ಸಾಕು. 10,080 ಇದ್ದದ್ದು 3,360ಕ್ಕೆ ಇಳಿಯಿತು. ಪಾತ್ರ ನಿಂತು ಮಾತಾಡುವಾಗ ಬಾಯಿ ಮಾತ್ರ ಬದಲಿಸಿದರೆ ಇನ್ನೂ ಕಡಿಮೆ. ಹಿನ್ನೆಲೆಯ ಗೋಡೆ, ಮೇಜು, ಕಿಟಕಿ ಒಮ್ಮೆ ಬರೆದರೆ ಆಯಿತು. ಪಾತ್ರಗಳನ್ನು ಪಾರದರ್ಶಕ ಹಾಳೆಯ ಮೇಲೆ ಬರೆದು ಅದರ ಮೇಲಿಡುತ್ತಿದ್ದರು. ಈಗ ಆ ಹಾಳೆಗಳ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಶಿನ್‌ಚಾನ್ ಮಾತಾಡುವಾಗ ಒಮ್ಮೆ ಗಮನವಿಟ್ಟು ನೋಡಿ: ಅವನ ಬಾಯಿ ಬಿಟ್ಟರೆ ಉಳಿದದ್ದೆಲ್ಲ ಕಲ್ಲಿನಂತೆ ನಿಂತಿರುತ್ತದೆ!

ಹಾಗಾದರೆ ಚಲನೆ ಎಲ್ಲಿಂದ ಬಂತು? ಅಕ್ಷಿಪಟಲದ ಮೇಲೆ ಬಿದ್ದ ಬಿಂಬ ಕ್ಷಣಕಾಲ ಉಳಿಯುತ್ತದೆ, ಆದ್ದರಿಂದ ಚಿತ್ರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಅಷ್ಟೇ ಆಗಿದ್ದರೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಿತ್ತು. 1912ರಲ್ಲಿ ಜರ್ಮನಿಯ ಮ್ಯಾಕ್ಸ್ ವರ್ತೈಮರ್ ಪ್ರಯೋಗ ಮಾಡಿ ತೋರಿಸಿದ್ದು ಬೇರೆಯೇ ಸಂಗತಿ. ಬೇರೆ ಬೇರೆ ಜಾಗದ ಎರಡು ಗೆರೆಗಳನ್ನು ಸರಿಯಾದ ಅಂತರದಲ್ಲಿ ಒಂದಾದ ಮೇಲೊಂದು ತೋರಿಸಿದರೆ, ನೋಡುವವನಿಗೆ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಾಣುತ್ತದೆ. ನಡುವಿನ ದಾರಿಯನ್ನು ತುಂಬಿದ್ದು ಮಿದುಳು. ಚಿತ್ರಕಾರ ಎಂಟು ಚಿತ್ರ ಕೊಡುತ್ತಾನೆ; ಜೀವವನ್ನು ನೋಡುವವನು ತುಂಬುತ್ತಾನೆ.

ನೋಡಿ ಕಲಿಯುವ ಬಗೆ

ನಡುವಿನ ಜಾಗವನ್ನು ತುಂಬುವ ಈ ಕೆಲಸ ಚಲನೆಗಷ್ಟೇ ಸೀಮಿತವಲ್ಲ. ಕಥೆಯ ಅರ್ಥವನ್ನೂ ಮಗು ತಾನೇ ತುಂಬಿಕೊಳ್ಳುತ್ತದೆ. ತೊಡಕು ಇರುವುದು ಇಲ್ಲಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1963ರಲ್ಲಿ ತನ್ನ ಸಂಗಡಿಗರೊಂದಿಗೆ ಒಂದು ಪ್ರಯೋಗ ಪ್ರಕಟಿಸಿದ. ಗಾಳಿ ತುಂಬಿದ ದೊಡ್ಡ ಗೊಂಬೆಯನ್ನು ಒಬ್ಬರು ಹೊಡೆದು ಬಡಿಯುವುದನ್ನು ಶಿಶುವಿಹಾರದ ಕೆಲವು ಮಕ್ಕಳು ಕಣ್ಣೆದುರೇ ನೋಡಿದರು. ಇನ್ನು ಕೆಲವರು ಅದನ್ನೇ ಸಿನಿಮಾದಲ್ಲಿ ನೋಡಿದರು, ಮತ್ತೆ ಕೆಲವರು ಬೆಕ್ಕಿನ ವೇಷ ತೊಟ್ಟ ಕಾರ್ಟೂನಿನಂಥ ಪಾತ್ರ ಮಾಡುವುದನ್ನು ನೋಡಿದರು. ಅನಂತರ ಆಟಕ್ಕೆ ಬಿಟ್ಟಾಗ ಮೂರೂ ಗುಂಪಿನ ಮಕ್ಕಳು ಆ ಹೊಡೆತಗಳನ್ನು ಅನುಕರಿಸಿದರು. 1965ರ ಅವನ ಇನ್ನೊಂದು ಪ್ರಯೋಗದಲ್ಲಿ, ಹೊಡೆದವನಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ ‘ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ’ ಎಂದ ಕೂಡಲೇ ಆ ಮಕ್ಕಳೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಅಂದರೆ ಕಲಿಯುವುದು ಬೇರೆ, ಮಾಡುವುದು ಬೇರೆ. ಮಗು ಎಲ್ಲವನ್ನೂ ಕಲಿತಿಟ್ಟುಕೊಳ್ಳುತ್ತದೆ. ಯಾವುದನ್ನು ಹೊರತೆಗೆಯಬೇಕೆಂಬುದನ್ನು ಸುತ್ತಲಿನವರ ಮುಖ ನೋಡಿ ನಿರ್ಧರಿಸುತ್ತದೆ. ಮೊದಲ ಸಲ ಎದುರುತ್ತರ ಕೊಟ್ಟಾಗ ಮನೆಮಂದಿಯೆಲ್ಲ ನಕ್ಕರೆ ಅದೇ ಬಹುಮಾನ. ಎರಡನೆಯ ಸಲ ಹೊಡೆದರೆ ಮಗುವಿಗೆ ಏನು ತಿಳಿಯಬೇಕು?

ತೆರೆಯ ಮನೆಗೂ ನಮ್ಮ ಮನೆಗೂ ಮತ್ತೊಂದು ವ್ಯತ್ಯಾಸವಿದೆ. ಶಿನ್‌ಚಾನ್ 1992ರಿಂದ ಟಿವಿಯಲ್ಲಿ ಐದು ವರ್ಷದವನೇ. ನಮ್ಮಂತೆ ಬೆಳೆದಿದ್ದರೆ ಈಗ ಮೂವತ್ತೈದು ದಾಟಿ ತಾನೇ ಮನೆ ಸಾಲ ಕಟ್ಟುತ್ತಿರುತ್ತಿದ್ದ. ಅಲ್ಲಿ ತಾಯಿ ಗುದ್ದಿದರೆ ತಲೆಯ ಮೇಲೆ ಬುಗುಟು ಏಳುತ್ತದೆ, ಮುಂದಿನ ದೃಶ್ಯದಲ್ಲಿ ಮಾಯ. ಆಡಿದ ಮಾತಿನ ನೋವೂ ಮುಂದಿನ ಕಂತಿಗೆ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಹಾಗಲ್ಲ. ಅಜ್ಜಿಗೆ ಅಂದ ಮಾತು ಅಜ್ಜಿಯ ಮನಸ್ಸಿನಲ್ಲಿ ಉಳಿಯುತ್ತದೆ. ಮಗುವಿಗೆ ಕೊಟ್ಟ ಪೆಟ್ಟೂ ಉಳಿಯುತ್ತದೆ. ಇದನ್ನು ತೆರೆ ಹೇಳಿಕೊಡುವುದಿಲ್ಲ. ಪಕ್ಕದಲ್ಲಿ ಕುಳಿತವರು ಹೇಳಬೇಕು.

ಮಾತಿನ ಲೆಕ್ಕ

ಹಿಂದಿಯೇ ಏಕೆ ಎಂದು ಕೇಳಬಹುದು. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ದನಿ ಕೊಡುವುದಕ್ಕೆ ಕನ್ನಡ ಚಿತ್ರರಂಗದ ವಿರೋಧ 1960ರ ದಶಕದಿಂದಲೂ ಇತ್ತು. ಇಂಥ ತಡೆ ನ್ಯಾಯಯುತ ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಮಕ್ಕಳಿಗಾಗಿ ಕನ್ನಡದ ಚಾನೆಲ್ ‘ಚಿಂಟು ಟಿವಿ’ ಬಂದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳಿಗೆ ಕಾರ್ಟೂನ್ ಎಂದರೆ ಹಿಂದಿ ಎಂದಾಗಿತ್ತು.

ಶಾಲೆಗೆ ಹೋಗುವ ಮಕ್ಕಳು ಹೀಗೆ ಹಿಂದಿ ಕಲಿತರೆ ಅದು ನಷ್ಟವಲ್ಲ, ಲಾಭವೇ. ಎಳೆಯ ಕೂಸುಗಳ ವಿಷಯ ಮಾತ್ರ ಬೇರೆ. ಅಮೆರಿಕದ ಪೆಟ್ರೀಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯತಕ್ಕದ್ದು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಎದುರು ಚೀನೀ ಮಾತಾಡುವವರೇ ಕುಳಿತು ಆಡಿಸುತ್ತ ಓದಿದರು. ಇನ್ನು ಕೆಲವಕ್ಕೆ ಅವರದೇ ಮಾತನ್ನು ಟಿವಿಯಲ್ಲಿ ತೋರಿಸಿದರು. ಹನ್ನೆರಡು ಸಲ ಹೀಗೆ ಮಾಡಿದ ಮೇಲೆ ಪರೀಕ್ಷಿಸಿದಾಗ, ಮನುಷ್ಯರ ಜೊತೆ ಆಡಿದ ಕೂಸುಗಳು ಆ ಭಾಷೆಯ ಧ್ವನಿಗಳ ವ್ಯತ್ಯಾಸ ಗುರುತಿಸಿದವು. ಟಿವಿ ನೋಡಿದ ಕೂಸುಗಳು ಏನೂ ಕಲಿತಿರಲಿಲ್ಲ. ಕೂಸು ನಕ್ಕಾಗ ಟಿವಿ ತಿರುಗಿ ನಗುವುದಿಲ್ಲವಲ್ಲ! ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ತೆರೆ ಬೇಡ, ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನವಾಯತಿಯಾಗಲಿ, ಕೊಂಕಣಿಯಾಗಲಿ, ಹಾಲಕ್ಕಿಗಳ ಕನ್ನಡವಾಗಲಿ ಯಾವ ಕಾರ್ಟೂನಿನಿಂದಲೂ ಬರುವಂಥದ್ದಲ್ಲ. ಅವು ಬರುವುದು ಮನೆಯವರ ಬಾಯಿಂದ, ಅದೂ ಮನೆಯವರು ಮಗುವಿನೊಡನೆ ಮಾತಾಡಿದರೆ.

ಆಟ ನೋಡುವ ಪದ್ಧತಿ

ನಮ್ಮ ಕಡೆ ಇದಕ್ಕೊಂದು ಹಳೆಯ ಪಾಠವಿದೆ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಯಕ್ಷಗಾನದ ಹಾಸ್ಯಗಾರ ರಾಜನ ಮುಂದೆ ಆಡುವ ಮಾತು ಶಿನ್‌ಚಾನನದಕ್ಕಿಂತ ಕಡಿಮೆ ತುಂಟತನದ್ದೇನಲ್ಲ. ಅದನ್ನು ನೋಡಿ ಬೆಳೆದ ಮಕ್ಕಳು ಕೆಟ್ಟರೆಂದು ಯಾರೂ ಹೇಳಿಲ್ಲ. ಏಕೆಂದರೆ ಮಗು ಆಟಕ್ಕೆ ಹೋಗುತ್ತಿದ್ದದ್ದು ಅಜ್ಜನ ಕಂಬಳಿಯೊಳಗೆ ಕುಳಿತು. ‘ಇವ ಯಾರು? ಹೀಗೇಕೆ ಅಂದ?’ ಎಂದು ಕೇಳಿದರೆ ಉತ್ತರ ಪಕ್ಕದಲ್ಲೇ ಇತ್ತು. ಮರುದಿನ ಅಂಗಳದಲ್ಲಿ ಮಗು ಹಾಸ್ಯಗಾರನಂತೆ ಕುಣಿದರೆ ಅದು ಆಟವೆಂದು ಎಲ್ಲರಿಗೂ ಗೊತ್ತಿತ್ತು.

ಪಾಲಕರು ಮಾಡಬಹುದಾದದ್ದೂ ಇಷ್ಟೇ. ದಿನದ ಒಂದು ಕಂತನ್ನು ಮಗುವಿನ ಜೊತೆ ಕುಳಿತು ನೋಡಿ. ನಗು ಬಂದರೆ ನಗಿ. ಮುಗಿದ ಮೇಲೆ ಆರಿಸಿ, ಮನೆಮಾತಿನಲ್ಲೇ ಒಂದು ಪ್ರಶ್ನೆ ಕೇಳಿ: ‘ಆ ತಾಯಿಗೆ ಆಗ ಹೇಗನ್ನಿಸಿರಬಹುದು?’ ತಂದೆ ದೂರದ ದೇಶದಲ್ಲಿದ್ದರೆ ಅದೇ ಕಥೆಯನ್ನು ಮಗು ರಾತ್ರಿ ಫೋನಿನಲ್ಲಿ ಅವರಿಗೆ ಹೇಳಲಿ.

ವಿದ್ಯಾರ್ಥಿಗಳಿಗೊಂದು ಕೆಲಸ: ಹಳೆಯ ನೋಟುಪುಸ್ತಕದ 24 ಹಾಳೆಗಳ ಮೂಲೆಯಲ್ಲಿ ಒಂದು ಬಂಗುಡೆ ಮೀನು ಬರೆಯಿರಿ, ಪ್ರತಿ ಹಾಳೆಯಲ್ಲೂ ಅದರ ಬಾಲ ಸ್ವಲ್ಪ ಸರಿಯಲಿ. ಹೆಬ್ಬೆರಳಿನಿಂದ ಹಾಳೆಗಳನ್ನು ಪಟಪಟನೆ ಬಿಡಿ. ಎರಡು ಸೆಕೆಂಡಿನಲ್ಲಿ ಮುಗಿಸಿದರೆ ಸೆಕೆಂಡಿಗೆ 12 ಚಿತ್ರ, ಮೀನು ಈಜುತ್ತದೆ. ಈಗ ಒಂದು ಬಿಟ್ಟು ಒಂದರಂತೆ 12 ಹಾಳೆ ತೆಗೆದು, ಉಳಿದ 12ನ್ನು ಅದೇ ಎರಡು ಸೆಕೆಂಡಿನಲ್ಲಿ ಬಿಡಿ. ಎಷ್ಟು ಹಾಳೆ ಕಡಿಮೆಯಾದಾಗ ಮೀನಿನ ಈಜು ನಿಂತು ಬರೀ ಚಿತ್ರಗಳು ಉಳಿಯುತ್ತವೆ? ಮನೆಯ ಎಲ್ಲರಿಗೂ ತೋರಿಸಿ, ಪ್ರತಿಯೊಬ್ಬರ ಉತ್ತರವನ್ನೂ ಬರೆದಿಡಿ. ಎಲ್ಲರದೂ ಒಂದೇ ಆಗಿರುತ್ತದೆಯೇ, ನೋಡಿ.