ಲಟ್ಟಣಿಗೆಯಾದ ವೈನ್ ಬಾಟಲಿ
1917ರಲ್ಲಿ ಮೊದಲ ಮಹಾಯುದ್ಧಕ್ಕೆಂದು ಅಮೆರಿಕದ ಸೇನೆ ಫ್ರಾನ್ಸಿಗೆ ಹೋದಾಗ, ಬೆನ್ನಿಗೇ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಸ್ವಯಂಸೇವಕರೂ ಹಡಗು ಹತ್ತಿದರು. ಹೆಸರಿನಲ್ಲಷ್ಟೇ ಆರ್ಮಿ, ಕೈಯಲ್ಲಿ ಬಂದೂಕಿಲ್ಲ. ಅಲ್ಲಿ ಬಿಡದ ಮಳೆ, ಕಾಲು ಹೂಳುವ ಕೆಸರು, ಮನೆ ನೆನೆದು ಮುಖ ಬಾಡಿದ ಹುಡುಗರು. ಇವರಿಗೆ ಊರಿನ ತಿಂಡಿ ಏನಾದರೂ ಮಾಡಿಕೊಡೋಣ ಅಂತ ಹೆಲೆನ್ ಪರ್ವಿಯನ್ಸ್, ಮಾರ್ಗರೆಟ್ ಶೆಲ್ಡನ್ ಎಂಬಿಬ್ಬರಿಗೆ ಅನಿಸಿತು. ಮೈದಾ, ಸಕ್ಕರೆ, ಡಬ್ಬಿ ಹಾಲು ಹೇಗೋ ಒದಗಿತು. ಲಟ್ಟಣಿಗೆ ಮಾತ್ರ ಇಲ್ಲ. ಸಿಕ್ಕಿದ್ದು ವೈನ್ ಬಾಟಲಿ. ಹೆಂಡ ಮುಟ್ಟದ ಸಂಸ್ಥೆಯವರ ಹಿಟ್ಟಿಗೆ ಅದೇ ಗತಿಯಾಯಿತು, ನೋಡಿ! ಒಲೆ ತೀರಾ ಕುಳ್ಳು, ಬಾಣಲೆ ಪುಟ್ಟದು. ಮಂಡಿಯೂರಿ ಕೂತು ಒಂದು ಒಬ್ಬೆಗೆ ಏಳರಂತೆ ಕರಿದು ಮೊದಲ ದಿನ 150 ಡೋನಟ್ ಇಳಿಸಿದರು. ಹೊರಗೆ ಮಳೆಯಲ್ಲೇ ಸಾಲು. ಆಗ ನಡುವೆ ತೂತಿರಲಿಲ್ಲವಂತೆ. ಅದು ಬೇಕೆಂದು ಹುಡುಗರು ಕೇಳಿದ ಮೇಲೆ, ಕಮ್ಮಾರನೊಬ್ಬ ಖಾಲಿ ಹಾಲಿನ ಡಬ್ಬಿ, ಸಣ್ಣ ಟ್ಯೂಬು ಎರಡನ್ನೂ ಮರದ ತುಂಡಿಗೆ ಕೂಡಿಸಿ ಅಚ್ಚು ಮಾಡಿಕೊಟ್ಟ. (ಉದ್ದಿನ ವಡೆಗೆ ಬೆರಳೇ ಸಾಕು ಎನ್ನುವ ನಮ್ಮ ಅಜ್ಜಿಯರು ನಕ್ಕಾರು.) ಮಹಾಯುದ್ಧದ ಪುಸ್ತಕ ತೆರೆದಾಗ ಸೇನಾಪತಿಗಳ ನಕ್ಷೆಗಿಂತ ನನ್ನ ಕಣ್ಣು ಆ ಬಾಟಲಿಯನ್ನೇ ಹುಡುಕುತ್ತದೆ. ಇವರ ಈ ಸೇವೆಯ ನೆನಪಿಗೆಂದು ಷಿಕಾಗೋದಲ್ಲಿ 1938ರಲ್ಲಿ ಶುರುವಾದ ಡೋನಟ್ ದಿನ ಈಗಲೂ ಜೂನ್ ತಿಂಗಳ ಮೊದಲ ಶುಕ್ರವಾರ ನಡೆಯುತ್ತದೆ. ಅಂಗಡಿಗಳು ಅಂದು ಒಂದೊಂದು ಪುಕ್ಕಟೆ ಕೊಡುವುದೂ ಉಂಟು.