ಆ್ಯಪ್ ಆಮೇಲೆ, ಪರೀಕ್ಷೆಯ ದಿನಾಂಕ ಮೊದಲು

ಪದವಿ ವಿದ್ಯಾರ್ಥಿಗಳಿಗೆ ಸಮಯ ನಿರ್ವಹಣೆ ಕಲಿಸುವ ಆನ್‌ಲೈನ್ ಕಾರ್ಯಾಗಾರಗಳಿಗೆ ಈಗ ಬರವಿಲ್ಲ. ಕಾಲೇಜಿನಿಂದ ಗೂಗಲ್ ಮೀಟ್ ಲಿಂಕ್ ಬರುತ್ತದೆ. ಸಂಪನ್ಮೂಲ ವ್ಯಕ್ತಿಗಳು ನಾಲ್ಕು ಚೌಕದ ಚಿತ್ರ ತೋರಿಸಿ ಯಾವುದು ತುರ್ತು, ಯಾವುದು ಮುಖ್ಯ ಎಂದು ವಿವರಿಸುತ್ತಾರೆ. ಎರಡು ಆ್ಯಪ್ ಹೆಸರು ಹೇಳುತ್ತಾರೆ. ಕೊನೆಗೊಂದು ಇ-ಪ್ರಮಾಣಪತ್ರ. ದಿನವೆಲ್ಲ ವಿದ್ಯಾರ್ಥಿಯ ಕೈಯಲ್ಲೇ ಇದೆ, ಹಂಚಿಕೊಳ್ಳಲು ಬರುವುದಿಲ್ಲ ಅಷ್ಟೇ ಎಂಬ ನಂಬಿಕೆ ಇದರ ಹಿಂದಿದೆ. ನಮ್ಮ ವಿಶ್ವವಿದ್ಯಾಲಯಗಳ ಮಟ್ಟಿಗೆ ಅದು ಅರ್ಧ ಸುಳ್ಳು.

ಲೆಕ್ಕ ಹಾಕಿ ನೋಡೋಣ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕಲಿಕೆ. ಸೆಮಿಸ್ಟರ್‌ಗೆ 20 ಕ್ರೆಡಿಟ್ ಎಂದರೆ 600 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ. ತರಗತಿ, ಪ್ರಾಯೋಗಿಕ, ಅಸೈನ್‌ಮೆಂಟ್, ಸ್ವಂತ ಓದು ಎಲ್ಲ ಸೇರಿಯೇ ಇಷ್ಟು. ಕಾಗದದ ಮೇಲೆ ಇದು ಹೊರೆಯೇನಲ್ಲ.

ಆದರೆ ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಬರುವ ಬಿ.ಕಾಂ. ಹುಡುಗಿಯ ದಿನವನ್ನು ನೋಡಿ. ಏಳೂವರೆಯ ಬಸ್ ಬಿಟ್ಟರೆ ಇನ್ನೊಂದು ಹತ್ತಕ್ಕೆ, ಹಾಗಾಗಿ ತರಗತಿ ಹತ್ತಕ್ಕಿದ್ದರೂ ಏಳೂವರೆಗೇ ಹೊರಡಬೇಕು. ಮಧ್ಯಾಹ್ನ ಒಂದಕ್ಕೆ ಪಾಠ ಮುಗಿದರೂ ಮೂರರವರೆಗೆ ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚೇ ಗತಿ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದರೂ ವಾರಕ್ಕೆ 12 ಗಂಟೆ ಬಸ್ಸಿನೊಳಗೇ ಕಳೆಯಿತು. ಕಾದ ಹೊತ್ತು ಬೇರೆ. 2023ರ ಜೂನ್‌ನಲ್ಲಿ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಅವಳ ಟಿಕೆಟ್ ಹಣ ಉಳಿಸಿತು, ಆ ಗಂಟೆಗಳನ್ನಲ್ಲ. ಮನೆಗೆ ಬಂದರೆ ದನಕ್ಕೆ ಮೇವು, ರಾತ್ರಿಯ ಅಡುಗೆ. ಓದಿಗೆ ಕೂರುವುದು ಎಲ್ಲರೂ ಮಲಗಿದ ಮೇಲೆ. ಇವಳಿಗೆ ಬೆಳಿಗ್ಗೆ ಐದಕ್ಕೆ ಎದ್ದು ಯೋಗ ಮಾಡಿ ಎನ್ನುವ ಭಾಷಣಕಾರರು ಒಮ್ಮೆ ಅದೇ ಬಸ್ಸಿನಲ್ಲಿ ನಿಂತು ಬರಲಿ.

ಇದರ ಮೇಲೆ ವಾಟ್ಸ್‌ಆ್ಯಪ್. ವಿಷಯಕ್ಕೊಂದು ಗ್ರೂಪ್, ತರಗತಿಗೊಂದು, ಎನ್‌ಎಸ್‌ಎಸ್‌ಗೊಂದು, ಸ್ಕಾಲರ್‌ಶಿಪ್‌ಗೊಂದು. ಸುತ್ತೋಲೆಯನ್ನು ಓರೆಯಾಗಿ ಫೋಟೊ ತೆಗೆದು ಹಾಕಿರುತ್ತಾರೆ. ಅರ್ಧ ಸಾಲು ಹೆಬ್ಬೆರಳಿನ ಕೆಳಗೆ. ನಾಳೆಯ ಇಂಟರ್ನಲ್ಸ್ ಮುಂದಕ್ಕೆ ಹೋಯಿತು ಎಂಬ ಸಂದೇಶ ರಾತ್ರಿ ಹತ್ತಕ್ಕೆ ಬರುತ್ತದೆ, ಶುಭೋದಯದ ಹೂಗಳ ನಡುವೆ ಕಳೆದುಹೋಗುತ್ತದೆ. ಒಬ್ಬ ಉಪನ್ಯಾಸಕರು ಇಟ್ಟ ದಿನಾಂಕ ಇನ್ನೊಬ್ಬರಿಗೆ ಗೊತ್ತಿಲ್ಲದೆ ನಾಲ್ಕು ವಿಷಯಗಳ ಇಂಟರ್ನಲ್ಸ್ ಒಂದೇ ವಾರಕ್ಕೆ ಬೀಳುತ್ತವೆ. 2024ರಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿದ ಮೇಲೆ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಬ್ಯಾಚಿಗೊಂದು, ರಾಜ್ಯ ಶಿಕ್ಷಣ ನೀತಿಯ (ಎಸ್‌ಇಪಿ) ಬ್ಯಾಚಿಗೊಂದು ಪಠ್ಯಕ್ರಮ. ದಿನಾಂಕಗಳ ಗೋಜಲಿಗೆ ಅದೂ ಸೇರಿತು. ಪರೀಕ್ಷೆ ಯಾವಾಗ ಎಂದೇ ತಿಳಿಯದವರಿಗೆ ಯಾವ ಪ್ಲಾನರ್ ಏನು ಮಾಡೀತು?

ಹಾಗೆಂದು ಸಾಧನಗಳೇ ದಂಡ ಎನ್ನಲಾರೆ. ನಮ್ಮ ಅಂದಾಜು ನಮಗೇ ಮೋಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ಕೇಳಿದ್ದರು. ಸರಾಸರಿ ಅಂದಾಜು ಸುಮಾರು 34 ದಿನ. ನಿಜವಾಗಿ ಹಿಡಿದದ್ದು ಸುಮಾರು 55. ಎಲ್ಲವೂ ಕೈಕೊಟ್ಟರೆ ಎಷ್ಟಾದೀತು ಎಂದು ಹೇಳಿದ ಲೆಕ್ಕವನ್ನೂ ಅದು ಮೀರಿತ್ತು. ಹೀಗಾಗಿ ಗುರಿ ಬರೆಸಿಕೊಳ್ಳುವ ಆ್ಯಪ್‌ಗಿಂತ, ಒಂದು ಅಧ್ಯಾಯಕ್ಕೆ ಎಷ್ಟು ಹೊತ್ತು ಅಂದುಕೊಂಡಿದ್ದೆ, ಎಷ್ಟು ಹಿಡಿಯಿತು ಎಂದು ತೋರಿಸುವ ಸರಳ ಪಟ್ಟಿ ಮೇಲು. ನೋಟ್‌ಬುಕ್ಕಿನ ಕೊನೆಯ ಪುಟವೂ ಸಾಕು.

25 ನಿಮಿಷ ಓದಿ ಐದು ನಿಮಿಷ ಬಿಡುವು ಕೊಡುವ ಪೊಮೊಡೊರೊ ಪದ್ಧತಿಯ ಕಥೆಯೂ ಇಲ್ಲಿ ನೆನೆಯತಕ್ಕದ್ದು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಅದನ್ನು ಶುರುಮಾಡಿದ. ಆ ಟೈಮರ್‌ನಲ್ಲಿ ರೀಲ್ಸ್ ಇರಲಿಲ್ಲ. ಇಂದು ಟೈಮರ್ ಇರುವುದೂ ಗಮನ ಕದಿಯುವ ಅದೇ ಮೊಬೈಲ್‌ನಲ್ಲಿ. ಸ್ವಲ್ಪ ಖರ್ಚಾದರೂ ಬೇರೆ ಗಡಿಯಾರ ಇಟ್ಟುಕೊಂಡು ಫೋನನ್ನು ಇನ್ನೊಂದು ಕೋಣೆಯಲ್ಲಿ ಬಿಡುವುದು ಒಳ್ಳೆಯದು.

ನಿಜವಾದ ಆನ್‌ಲೈನ್ ನೆರವು ಎಲ್ಲಿಂದ ಬರಬೇಕು? ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶಾತಿ, ಪರೀಕ್ಷಾ ಅರ್ಜಿ, ಫಲಿತಾಂಶ ಈಗ ಯುಯುಸಿಎಂಎಸ್ ಎಂಬ ಏಕೀಕೃತ ಪೋರ್ಟಲ್ ಮೂಲಕ ನಡೆಯುತ್ತಿವೆ. ಯಾವ ವಿದ್ಯಾರ್ಥಿ ಯಾವ ವಿಷಯ ಓದುತ್ತಿದ್ದಾನೆ, ಯಾವ ಸೆಮಿಸ್ಟರ್‌ನಲ್ಲಿದ್ದಾನೆ ಎಂಬುದು ಅದಕ್ಕೆ ಗೊತ್ತು. ಇಂಟರ್ನಲ್ಸ್, ಅಸೈನ್‌ಮೆಂಟ್, ಶುಲ್ಕದ ಕೊನೆಯ ದಿನ, ಪರೀಕ್ಷೆ ಎಲ್ಲವನ್ನೂ ಒಂದೇ ಕ್ಯಾಲೆಂಡರ್ ಆಗಿ ಅವನ ಮೊಬೈಲ್‌ಗೆ ಇಳಿಸುವುದು ದೊಡ್ಡ ತಂತ್ರಜ್ಞಾನವೇನಲ್ಲ. ಉಪನ್ಯಾಸಕರು ದಿನಾಂಕ ನಮೂದಿಸುವಾಗಲೇ ಆ ವಾರ ಬೇರೆ ಎಷ್ಟು ಇಂಟರ್ನಲ್ಸ್ ಇವೆ ಎಂದು ತೋರಿಸಿದರೆ ಅರ್ಧ ಇಕ್ಕಟ್ಟು ಅಲ್ಲಿಯೇ ಕಳೆಯುತ್ತದೆ. ಬೇಕಿರುವುದು ದಿನಾಂಕ ಹೇಳಿ ಅದಕ್ಕೆ ಬದ್ಧರಾಗುವ ಮನಸ್ಸು.

ಎಷ್ಟು ಪಟ್ಟಿ ಹಾಕಿದರೂ ಹಾಸಿಗೆಯಿಂದ ಏಳಲಾಗದವರೂ ಇದ್ದಾರೆ. ಅದು ಸೋಮಾರಿತನವೇ ಆಗಿರಬೇಕಿಲ್ಲ, ಖಿನ್ನತೆಯೂ ಇರಬಹುದು. ಅಂಥವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ನಿಮ್ಹಾನ್ಸ್ ನೋಡಲ್ ಕೇಂದ್ರವಾಗಿರುವ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡುವುದು ಯಾವ ಪ್ಲಾನರ್‌ಗಿಂತಲೂ ಉಪಯುಕ್ತ. ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮುಂದಿನ ಸೆಮಿಸ್ಟರ್‌ನ ಮೊದಲ ದಿನವೇ ಕೊನೆಯ ಪರೀಕ್ಷೆಯವರೆಗಿನ ದಿನಾಂಕಗಳನ್ನು ಪ್ರಕಟಿಸಿ ಎಂದು ವಿದ್ಯಾರ್ಥಿಗಳು ಕುಲಸಚಿವರನ್ನು ಲಿಖಿತವಾಗಿ ಕೇಳಲಿ. ಪೋಷಕರೂ ಸಹಿ ಹಾಕಲಿ.